ಕಲ್ಪನೆಗೆ ಬಿ ಗ್ರೇಡ್

ವಿಶ್ವಸಂಸ್ಥೆಯ ಮಹಾಸಭೆ 2024ರ ಮಾರ್ಚ್‌ನಲ್ಲಿ ನಿರ್ಣಯವೊಂದನ್ನು ಅಂಗೀಕರಿಸಿ, ಜೂನ್ 11ನ್ನು ಅಂತರರಾಷ್ಟ್ರೀಯ ಆಟದ ದಿನವೆಂದು ಸಾರಿತು. ಮಕ್ಕಳು ಆಡಬೇಕು ಎಂಬುದನ್ನು ಇಷ್ಟೊಂದು ರಾಷ್ಟ್ರಗಳು ಒಟ್ಟಿಗೆ ಕುಳಿತು ತೀರ್ಮಾನಿಸಬೇಕಾಗಿ ಬಂದದ್ದು ನಾಗರಿಕತೆಯ ಮುನ್ನಡೆಯ ಗುರುತೇ ಇರಬೇಕು. ಕರ್ನಾಟಕದ ಮಟ್ಟಿಗಂತೂ ಈ ದಿನಾಂಕ ಬಹಳ ಅನುಕೂಲಕರವಾಗಿದೆ. ಬೇಸಿಗೆ ರಜೆ ಮುಗಿದು, ಶಾಲೆಗಳ ಬಾಗಿಲು ತೆರೆದು, ಪುಸ್ತಕಗಳಿಗೆಲ್ಲ ಬೈಂಡ್ ಹಾಕಿ ಲೇಬಲ್ ಅಂಟಿಸಿದ ಮೇಲೆ ಅದು ಬರುವುದರಿಂದ, ಮಕ್ಕಳು ನಿಜವಾಗಿಯೂ ಆಡಿಬಿಡುವ ಅಪಾಯವಿಲ್ಲ. ಆಟದ ಮಹತ್ವದ ಕುರಿತು ಒಂದು ಪುಟ ಮೀರದಂತೆ ಪ್ರಬಂಧ ಬರೆಯಬಹುದು.

ಹಾಗೆಂದು ನಮ್ಮ ನಗರಗಳಲ್ಲಿ ಆಟಕ್ಕೆ ಬೆಲೆಯಿಲ್ಲವೆಂದು ಯಾರೂ ದೂರುವಂತಿಲ್ಲ. ಬೆಲೆ ಇದೆ, ಅದನ್ನು ಕಂತುಗಳಲ್ಲಿ ಕಟ್ಟುವ ಸೌಲಭ್ಯವೂ ಇದೆ. ಪ್ರೀಸ್ಕೂಲ್‌ಗಳ ಕರಪತ್ರಗಳಲ್ಲಿ ‘ಆಟದ ಮೂಲಕ ಕಲಿಕೆ’ ಎಂಬ ಮಾತು ದಪ್ಪಕ್ಷರಗಳಲ್ಲಿ ರಾರಾಜಿಸುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಆಟದ ಮೈದಾನವಿರಬೇಕೆಂದು ಹೇಳುತ್ತದಾದರೂ, ಆ ಕಾಯ್ದೆಯ ಲೆಕ್ಕದಲ್ಲಿ ಮಗು ಮಗುವಾಗುವುದು 6ನೇ ವರ್ಷಕ್ಕೆ. ಅದಕ್ಕಿಂತ ಚಿಕ್ಕವರಿಗೆ, ಅಂದರೆ ಆಡುವುದನ್ನು ಬಿಟ್ಟು ಬೇರೇನೂ ಮಾಡಬೇಕಿಲ್ಲದವರಿಗೆ, ಬಾಡಿಗೆ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಹಾಸಿದ ಪ್ಲಾಸ್ಟಿಕ್ ಹುಲ್ಲು ಸಾಕೆಂದು ಮಾರುಕಟ್ಟೆ ತೀರ್ಮಾನಿಸಿದೆ. ಈ ಹುಲ್ಲಿಗೆ ನೀರೂ ಬೇಡ, ಮಣ್ಣೂ ಬೇಡ. ಮಕ್ಕಳ ಬಟ್ಟೆ ಕೊಳೆಯಾಗುವುದಿಲ್ಲವಾದ್ದರಿಂದ ಪೋಷಕರಿಗೂ ಸಮಾಧಾನ.

ಇಂಥ ಹುಲ್ಲಿನ ಮೇಲೆ ನಡೆದ ಪ್ರಸಂಗವೊಂದು ಇತ್ತೀಚೆಗೆ ನಮ್ಮ ಬೀದಿಯಲ್ಲಿ ಚರ್ಚೆಗೆ ಬಂದಿತು. ವೇಳಾಪಟ್ಟಿಯ ಪ್ರಕಾರ 10.20ರಿಂದ 10.45ರವರೆಗೆ ಕಲ್ಪನೆಯ ಆಟ. ಆ ವಾರದ ವಿಷಯ ಅಡುಗೆಮನೆ. ನಾಲ್ಕು ವರ್ಷದ ಹುಡುಗನೊಬ್ಬ ಪ್ಲಾಸ್ಟಿಕ್ ಗ್ಯಾಸ್ ಒಲೆಯನ್ನು ತಿರುವಿಟ್ಟು, ಅದರ ಮುಂದೆ ತಾನು ಕುಳಿತು, ಉಳಿದವರನ್ನು ಹಿಂದೆ ಸಾಲಾಗಿ ಕೂರಿಸಿ, ‘ಮೆಜೆಸ್ಟಿಕ್, ಮೆಜೆಸ್ಟಿಕ್, ಒಳಗ್ ಹೋಗಿ, ಒಳಗ್ ಹೋಗಿ’ ಎಂದು ಕೂಗತೊಡಗಿದ. ದೋಸೆ ಕಾವಲಿ ಟಿಕೆಟ್ ಮಷಿನ್ ಆಯಿತು. ಐನೂರರ ನೋಟು ಕೊಟ್ಟ ಹುಡುಗಿಗೆ ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟದ್ದಲ್ಲದೆ, ಇಳಿಯುವಾಗ ಅದನ್ನು ಕೊಡುವುದನ್ನು ಮರೆತೂಬಿಟ್ಟ. ವಾಸ್ತವವನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿದ ಕಲಾವಿದನಿಗೆ ಸಿಕ್ಕ ಪ್ರಗತಿ ಪತ್ರದಲ್ಲಿ ಇದ್ದದ್ದು ಇಷ್ಟು: ‘ಕಲ್ಪನಾಶಕ್ತಿ: ಬಿ. ಕೊಟ್ಟ ವಿಷಯದಿಂದ ಆಚೆ ಹೋಗುತ್ತಾನೆ. ಸುಧಾರಣೆ ಅಗತ್ಯ.’ ಹೇಳಿದ ಹಾಗೆ ಖಾಲಿ ಮಣೆಯ ಮೇಲೆ ಚಪಾತಿ ಲಟ್ಟಿಸಿದ ಮಗುವಿಗೆ ಎ ಪ್ಲಸ್. ಪೋಷಕರ ಸಭೆಯಲ್ಲಿ ಹುಡುಗನ ತಂದೆ ತಲೆ ತಗ್ಗಿಸಿ, ‘ಮಿಸ್, ಮನೇಲಿ ಏನು ಪ್ರಾಕ್ಟೀಸ್ ಮಾಡಿಸಬೇಕು?’ ಎಂದು ಕೇಳಿದರಂತೆ.

ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ ಆ ಸಭೆಗೆ ಬಂದಿದ್ದರೆ ಏನು ಹೇಳುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. ಮಗು ಕೋಲನ್ನೇರಿ ಕುದುರೆ ಓಡಿಸುವಾಗ ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳುವುದನ್ನು ಕಲಿಯುತ್ತಿರುತ್ತದೆ ಎಂದು ಅವರು 1933ರಲ್ಲೇ ಉಪನ್ಯಾಸ ಮಾಡಿದ್ದರು. ಗೀಚಿದ ಗೆರೆಯೊಂದು ‘ಕ’ ಎಂಬ ದನಿಯಾಗುವುದಕ್ಕೂ, ಮೂರು ಎಂಬ ಅಂಕಿ ಮಾವಿನಹಣ್ಣಿಗೂ ಮನೆಗಳಿಗೂ ಒಂದೇ ತೆರನಾಗಿ ಹೊಂದುವುದಕ್ಕೂ ಬೇಕಾದದ್ದು ಇದೇ ಬಿಡಿಸಿಕೊಳ್ಳುವ ಶಕ್ತಿ. ಜೊತೆಗೆ ಇಂಥ ಆಟ ಹೊರನೋಟಕ್ಕೆ ಕಾಣುವಷ್ಟು ಸ್ವೇಚ್ಛೆಯದೂ ಅಲ್ಲ: ಊಟಕ್ಕೆ ಎರಡು ನಿಮಿಷ ಒಂದೆಡೆ ಕೂರದ ಮಗು, ಕಂಡಕ್ಟರ್ ಹೇಳಿದನೆಂಬ ಒಂದೇ ಕಾರಣಕ್ಕೆ ಇಲ್ಲದ ಬಸ್ಸಿನ ಇಲ್ಲದ ಸೀಟಿನಲ್ಲಿ ಅಲುಗಾಡದೆ ಕುಳಿತಿರುತ್ತದೆ. ಇಷ್ಟನ್ನೆಲ್ಲ ಯಾರೂ ಕಲಿಸದೆ, ಶುಲ್ಕವಿಲ್ಲದೆ, ತೆಂಗಿನ ಚಿಪ್ಪು ಮತ್ತು ಮಣ್ಣಿನ ಖರ್ಚಿನಲ್ಲಿ ಮುಗಿಸುವ ವ್ಯವಸ್ಥೆ ಆರ್ಥಿಕ ಬೆಳವಣಿಗೆಗೆ ಮಾರಕವೆಂಬುದನ್ನು ಒಪ್ಪಲೇಬೇಕು.

ಮನೆಗೆ ಬಂದಾದರೂ ಆಡಿಕೊಳ್ಳಲಿ ಎನ್ನುವವರು ನಮ್ಮ ವಸತಿ ಸಮುಚ್ಚಯದ ಸೂಚನಾ ಫಲಕವನ್ನು ಓದಿಲ್ಲ. ಸೆಲ್ಲಾರ್‌ನಲ್ಲಿ ಚೆಂಡು ಕೂಡದು, ಕಾರಿಡಾರಿನಲ್ಲಿ ಸೈಕಲ್ ಕೂಡದು, ಹುಲ್ಲುಹಾಸಿನ ಮೇಲೆ ಕಾಲಿಡಕೂಡದು. ಕಳೆದ ತಿಂಗಳು ಕೋಲನ್ನೂ ‘ಅಪಾಯಕಾರಿ ವಸ್ತು’ವೆಂದು ಸೇರಿಸಿದ್ದರಿಂದ ಕುದುರೆಗಳ ಸಂತತಿಯೂ ಮುಗಿಯಿತು. ಪಾರ್ಕಿಗೆ ಕಳಿಸೋಣವೆಂದರೆ, ಓಡಬಾರದು, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ನಡೆಯಬಾರದು ಎಂಬ ಫಲಕ ಹಾಕಿ 2024ರಲ್ಲಿ ದೇಶಕ್ಕೆಲ್ಲ ಸುದ್ದಿಯಾದ ಉದ್ಯಾನ ನಮ್ಮ ಬೆಂಗಳೂರಿನದೇ. ಮಕ್ಕಳಿಗೆ ಆಡುವ ಹಕ್ಕಿದೆಯೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ, ಭಾರತ 1992ರಲ್ಲಿಯೇ ಅದನ್ನು ಒಪ್ಪಿಕೊಂಡಿದೆ. ಆದರೆ ನಮ್ಮ ಸಂಘದ ಕಾರ್ಯದರ್ಶಿಗಳು ಅದಕ್ಕೆ ಸಹಿ ಹಾಕಿಲ್ಲ.

ಹೀಗೆ ಕಿತ್ತುಕೊಂಡದ್ದನ್ನು ಹಿಂದಿರುಗಿಸುವ ಏರ್ಪಾಡನ್ನೂ ನಾವೇ ಮಾಡಿದ್ದೇವೆಂಬುದನ್ನು ಮರೆಯಬಾರದು. ಏಪ್ರಿಲ್ ಬಂದರೆ ನಗರದ ಹೊರವಲಯದ ರೆಸಾರ್ಟುಗಳಲ್ಲಿ ‘ಹಳ್ಳಿ ಆಟಗಳ ಶಿಬಿರ’ ನಡೆಯುತ್ತದೆ. ಜರಡಿ ಹಿಡಿದ ಕೆಮ್ಮಣ್ಣು, ಅಂಚು ಉಜ್ಜಿ ನಯ ಮಾಡಿದ ಕುಂಟೆಬಿಲ್ಲೆಯ ಕಲ್ಲು, ಮಣ್ಣಿನ ಇಡ್ಲಿ ತಟ್ಟಲು ತರಬೇತಿ ಪಡೆದ ಮಾರ್ಗದರ್ಶಕರು, ಕೊನೆಗೆ ಪ್ರಮಾಣಪತ್ರ. ಬಸ್ ಹುಡುಗನನ್ನೂ ಅವನ ತಂದೆ ಇಂಥ ಶಿಬಿರಕ್ಕೆ ಸೇರಿಸಿ, ಬಳಿಕ ಭಾನುವಾರದ ಕಲ್ಪನಾ ವಿಕಾಸ ತರಗತಿಗೂ ಹಾಕಿದ್ದಾರೆ. ಅವನಲ್ಲಿ ಸುಧಾರಣೆ ಕಾಣುತ್ತಿದೆಯಂತೆ. ಈಗ ಯಾವ ಆಟಿಕೆ ಕೈಗೆ ಕೊಟ್ಟರೂ ಒಂದು ಗಳಿಗೆ ಸುಮ್ಮನೆ ನಿಂತು, ‘ಮಿಸ್, ಇದು ಏನಾಗಬೇಕು?’ ಎಂದು ಕೇಳಿ, ಅವರು ಹೇಳಿದ್ದನ್ನೇ ಆಡುತ್ತಾನೆ. ಹೀಗೇ ಮುಂದುವರಿದರೆ ಮುಂದಿನ ಟರ್ಮಿಗೆ ಎ ಗ್ರೇಡ್ ಖಚಿತವೆಂದು ಶಾಲೆಯವರು ತಿಳಿಸಿದ್ದಾರೆ.