ನಕ್ಷೆ ಬರೆದುಕೊಟ್ಟವರನ್ನು ಬಿಡಬೇಡಿ

ಮೇರಿ ಶಾಫರ್ ಮತ್ತು ಮೇರಿ ಆಡಮ್ಸ್ ಕೆನಡಾದ ರಾಕಿ ಪರ್ವತಗಳಲ್ಲಿ ತಿಂಗಳುಗಟ್ಟಲೆ ಕುದುರೆ ಮೇಲೆ ಸುತ್ತಿದ್ದನ್ನು ನಿಮ್ಮ ಲೇಖನದಲ್ಲಿ ಓದಿ ತುಂಬಾ ಖುಷಿಯಾಯಿತು. ಆದರೆ 1908ರಲ್ಲಿ ಅವರು ಮಲೀನ್ ಸರೋವರವನ್ನು ‘ಕಂಡುಹಿಡಿದರು’ ಅಂತ ಬರೆದಿದ್ದೀರಿ. ಅದನ್ನು ಒಪ್ಪೋದು ಕಷ್ಟ. ಅಲ್ಲಿನ ಮೂಲನಿವಾಸಿಗಳಾದ ಸ್ಟೋನಿ ಜನರಿಗೆ ಆ ಸರೋವರ ಮೊದಲೇ ಗೊತ್ತಿತ್ತು, ಅಲ್ವಾ? ಅದರ ಹಿಂದಿನ ವರ್ಷ, 1907ರಲ್ಲಿ, ಅವರಿಗೆ ದಾರಿಯ ನಕ್ಷೆ ಬರೆದುಕೊಟ್ಟವರೇ ಸ್ಟೋನಿ ಸಮುದಾಯದ ಸ್ಯಾಮ್ಸನ್ ಬೀವರ್. ಹುಡುಗನಾಗಿದ್ದಾಗ ಅಪ್ಪನ ಜೊತೆ ಹೋಗಿದ್ದ ಜಾಗವನ್ನು ಅವರು ನೆನಪಿನಿಂದಲೇ ಬರೆದರು. ಎಂಥ ನೆನಪು! ಅವರ ಹೆಸರು ಲೇಖನದಲ್ಲಿ ಇರಲೇಬೇಕಿತ್ತು.

ಇದರಿಂದ ಆ ಹೆಂಗಸರ ಸಾಹಸ ಕಡಿಮೆಯಾಗುವುದಿಲ್ಲ. ಗಂಡ ತೀರಿಕೊಂಡ ಮೇಲೆ, ಅರ್ಧಕ್ಕೆ ನಿಂತಿದ್ದ ಗಂಡನ ಸಸ್ಯ ಅಧ್ಯಯನದ ಕೆಲಸವನ್ನು ಮೇರಿ ಶಾಫರ್ ಮುಗಿಸಿದರು. ಬಿದ್ದ ಮರ, ಕೆಸರು, ಹೊಳೆ ಎಲ್ಲವನ್ನೂ ದಾಟಿ, ಫೋಟೊ ತೆಗೆಯುತ್ತಾ ಹೋದರು. 1911ರಲ್ಲಿ ಸರೋವರವನ್ನು ಅಳೆಯಲು ಮತ್ತೆ ಬಂದಾಗ ದೋಣಿಯ ಹಲಗೆಗಳನ್ನೂ ಕುದುರೆಗಳ ಮೇಲೆಯೇ ಬೆಟ್ಟ ದಾಟಿಸಬೇಕಾಯಿತು. ನನಗೆ ಅತಿ ಇಷ್ಟವಾದ ಭಾಗ ಇದು.

ನಂತರ ನ್ಯೂಜೆರ್ಸಿಯ ಕ್ಯಾರೊಲಿನ್ ಹಿನ್‌ಮನ್ ಇದೇ ಬೆಟ್ಟಗಳಿಗೆ ಯುವತಿಯರ ಗುಂಪುಗಳನ್ನೇ ವರ್ಷ ವರ್ಷ ಕರೆದೊಯ್ದರು. ಮುಂದೆ ಅವರ ಬಗ್ಗೆಯೂ ದಯವಿಟ್ಟು ಬರೆಯಿರಿ.