ಮೊಳೆ ತೂತಿಗೆ ಕಾಫಿ ಚರಟ

ಅಜ್ಜನ ಮನೆ ಕೆಡವಿದಾಗ ಎಲ್ಲರೂ ಹಿತ್ತಾಳೆ ಪಾತ್ರೆ ಹಂಚಿಕೊಂಡರು. ನಾನು ಹಲಸಿನ ಮರದ ದಾರಂದ, ಅಂದರೆ ಬಾಗಿಲ ಚೌಕಟ್ಟು, ಕೇಳಿದೆ. ಯಾರೂ ಜಗಳಕ್ಕೆ ಬರಲಿಲ್ಲ. ಮನೆ ಹಿಂದಿನ ಶೆಡ್ಡಿನಲ್ಲಿ ನನ್ನದೊಂದು ಪುಟ್ಟ ಲೇತ್ ಇದೆ, ಮರ ತಿರುಗಿಸಿ ಕಡೆಯುವ ಯಂತ್ರ. ಅದರಲ್ಲಿ ಪೆನ್ನು ಕಡೆಯುವುದು ನನ್ನ ಭಾನುವಾರದ ಹುಚ್ಚು.

ದಾರಂದದ ತುಂಬ ತೂತು. ಕೆಲವು ಮೊಳೆಯದ್ದು, ಕೆಲವು ಹುಳುವಿನದ್ದು. ಅಷ್ಟು ದಪ್ಪದ ಮರದಲ್ಲಿ ಅವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೆನ್ನಿನ ಲೆಕ್ಕವೇ ಬೇರೆ. ಮುಕ್ಕಾಲು ಇಂಚು ಚೌಕದ ತುಂಡಿನ ನಡುವೆ 7 ಮಿಲಿಮೀಟರ್ ಕೊರೆದು, ಹಿತ್ತಾಳೆ ಕೊಳವೆ ಕೂರಿಸಿ, ಉಳಿ ಹಿಡಿದು ಕಡೆಯುತ್ತಾ ಹೋದರೆ ಕೊನೆಗೆ ಅದರ ಮೇಲೆ ಉಳಿಯುವುದು ಒಂದು ಮಿಲಿಮೀಟರ್ ಆಸುಪಾಸಿನ ಮರ. ಸಿಪ್ಪೆ ಅನ್ನಿ. ಹುಳು ಕೊರೆದ ಸಣ್ಣ ಕಿಂಡಿಯಲ್ಲೂ ಹಿತ್ತಾಳೆ ಇಣುಕುತ್ತದೆ, ಹರಿದ ಬನಿಯನ್ನಿನಲ್ಲಿ ಹೊಟ್ಟೆ ಕಂಡ ಹಾಗೆ. ಅದಕ್ಕೇ ಈಗ ಕೊಳವೆಗೆ ಮೊದಲೇ ಕಪ್ಪು ಬಣ್ಣ ಬಳಿದುಬಿಡುತ್ತೇನೆ.

ಚನ್ನಪಟ್ಟಣದ ಬೊಂಬೆಯವರಿಗೆ ಈ ತಲೆನೋವು ಕಡಿಮೆ ಅಂತ ನನಗೆ ಹೊಟ್ಟೆಕಿಚ್ಚು. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಕೆಂಪು, ಹಳದಿಯ ಕೆಳಗೆ ಮರದ ಕಥೆ ಯಾರಿಗೆ ಕಾಣಬೇಕು? ನನಗೋ ಮರವೇ ಕಾಣಬೇಕು.

ಸರಿ, ತೂತಿಗೆ ಏನು ತುಂಬುವುದು? ಬಡಗಿಗಳ ಹಳೆ ಉಪಾಯ, ಅದೇ ಮರದ ಪುಡಿಗೆ ಫೆವಿಕಾಲ್ ಕಲಸುವುದು. ಬಾಗಿಲಿಗೆ ಸಾಕು. ಪೆನ್ನನ್ನು ಜನ ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ, ತೇಪೆ ಗೊತ್ತಾಗುತ್ತದೆ. ಪುಡಿಯ ಮೇಲೆ ಫೆವಿಕ್ವಿಕ್ ಥರದ ನೀರು ಅಂಟು ಬಿಟ್ಟೆ. ಕಲ್ಲಾಯಿತು, ಆದರೆ ಹಳದಿ ಮರದಲ್ಲಿ ಕಂದು ಮಚ್ಚೆ. ಅಡುಗೆ ಸೋಡಾ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿ, ಬಣ್ಣ ಮಾತ್ರ ಥೇಟ್ ಕಾಗೆ ಹಿಕ್ಕೆ.

ಗೆದ್ದದ್ದು ಫಿಲ್ಟರಿನ ಕಾಫಿ ಚರಟ. ಹೇಗೂ ಬಣ್ಣ ಹೊಂದುವುದಿಲ್ಲ ಅಂದಮೇಲೆ ಕಪ್ಪಗೇ ಇರಲಿ, ಮರದ ಗಂಟು ಅಂದುಕೊಳ್ಳಲಿ ಅಲ್ವಾ? ಚರಟ ಚೆನ್ನಾಗಿ ಒಣಗಿರಬೇಕು. ತಾರಸಿಯಲ್ಲಿ ಸಂಡಿಗೆ ಪಕ್ಕ ಹರವಿದ್ದೆ. "ಇದನ್ನೂ ಕರೀಬೇಕಾ?" ಅಂದಳು ಹೆಂಡತಿ.

ಹಲ್ಲುಕಡ್ಡಿಯಿಂದ ಒಂದು ಚಿಟಿಕೆ ಒತ್ತಿ, ಒಂದು ಹನಿ ಅಂಟು. ಕಾಯಬೇಕು. ಮತ್ತೆ ಚಿಟಿಕೆ, ಮತ್ತೆ ಹನಿ. ಒಂದೇ ಸಲ ತುಂಬಿದರೆ ಮೇಲೆ ಗಟ್ಟಿ, ಒಳಗೆ ಹಸಿ. ಉಳಿ ತಾಗಿದ್ದೇ ಕಿತ್ತು ಹಾರುತ್ತದೆ. ಬೇಗ ಆರಿಸುವ ಸ್ಪ್ರೇ ಜಾಸ್ತಿ ಹೊಡೆದರೆ ಬಿಳಿ ನೊರೆ. ನಾನು ಇವೆರಡನ್ನೂ ಮಾಡಿ, ಮೂರನೆಯದಾಗಿ ಎರಡು ಬೆರಳು ಪೆನ್ನಿಗೇ ಅಂಟಿಸಿಕೊಂಡು, ಮಗಳ ನೇಲ್ ಪಾಲಿಶ್ ಅಳಿಸುವ ನೀರಿನಲ್ಲಿ ಕೈ ಅದ್ದಿ ಕೂತವನು. ಅವಳು ಫೋಟೋ ತೆಗೆದಳು.

ಮೊದಲ ಪೆನ್ನು ಅತ್ತೆಗೆ ಕೊಟ್ಟೆ. ಆ ಮನೆಯಲ್ಲೇ ಹುಟ್ಟಿ ಬೆಳೆದವರು. ಕನ್ನಡಕ ಏರಿಸಿ, ಕಪ್ಪು ಚುಕ್ಕೆಯ ಮೇಲೆ ಉಗುರು ಆಡಿಸಿದರು. ಎಲ್ಲೂ ತಡೆಯಲಿಲ್ಲ. ನಾನು ಒಳಗೊಳಗೇ ಬೀಗಿದೆ.

"ಇದು ಯಾವ ಮೊಳೆ ಮಾರಾಯ? ತೋರಣದ್ದಾ, ಲಾಟೀನಿನದ್ದಾ?"

ಮೊಳೆ ಅಂತ ನಾನು ಹೇಳಿಯೇ ಇರಲಿಲ್ಲ. ಯಾವುದೆಂದು ಗೊತ್ತೂ ಇರಲಿಲ್ಲ. ಅತ್ತೆ ಪೆನ್ನು ತಿರುಗಿಸಿ ರೀಫಿಲ್ ಹೊರಗೆ ತಂದು, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯತೊಡಗಿದರು.