ಹಿಶೋಬ ಕೇಳಿದರೆ ಋಣ ಹರಿಯುತ್ತಾ?

ಈ ಸಲ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಣ್ಣನ ಮಗ ಚಹಾ ತಂದು ಎಡಗೈಯಲ್ಲಿ ಕೊಟ್ಟ. ಬಯ್ಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಬಲಗೈ ಕಂಡಿತು. ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಇರಲಿಲ್ಲ.

"ಮಷಿನ್ಯಾಗ ಸ್ವಲ್ಪ ಪೆಟ್ಟಾಗೇತಿ" ಎಂದು ಆಗಸ್ಟಿನಲ್ಲಿ ಅಣ್ಣ ಫೋನಿನಲ್ಲಿ ಹೇಳಿದ್ದ. ಸ್ವಲ್ಪ ಎಂದರೆ ಇಷ್ಟು ಎಂದು ನಾನು ಅಂದುಕೊಂಡಿರಲಿಲ್ಲ.

ಹುಡುಗ ಬೆಳಗಾವಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಪವರ್ ಪ್ರೆಸ್ ನಡೆಸುತ್ತಾನೆ. ಅಲ್ಲಿ ಇರುವುದು ಆರೇ ಜನ. ಇಎಸ್‌ಐ ಎಂಬ ಸರ್ಕಾರಿ ಕಾರ್ಮಿಕ ವಿಮೆ ಇಲ್ಲ. ಪ್ರೆಸ್ಸಿಗೆ ಕೈ ಸಿಗದಂತೆ ಕಾಯುವ ಗಾರ್ಡ್ ಮುರಿದು ತಿಂಗಳುಗಳಾಗಿದ್ದವು, ಹೊಸದು ಹಾಕಿಸಿರಲಿಲ್ಲ. ವೈನಿ ಕಣ್ಣು ಒರೆಸಿಕೊಳ್ಳುತ್ತಾ "ದೇವರ ದಯಾ, ಹೆಬ್ಬೆರಳು ಉಳೀತು" ಎಂದರು. ಅಣ್ಣ ಹೇಳಿದ್ದು ಬೇರೆ. "ಸಾವ್ಕಾರ್ರು ದೇವರಂಥಾವ್ರು. ಕೇಳದನ ನಲವತ್ತ ಸಾವಿರ ಕೊಟ್ರು. ದವಾಖಾನಿ ಬಿಲ್ಲೂ ಅವರ ತುಂಬಿದ್ರು."

ಹುಡುಗನಿಗೆ 24 ವರ್ಷ. ಪಗಾರ 12,000. ಗೋಡೆಯ ಕ್ಯಾಲೆಂಡರಿನಿಂದ ಹಳೇ ಹಾಳೆ ಹರಿದುಕೊಂಡು ಅದರ ಬೆನ್ನ ಮೇಲೆ ಲೆಕ್ಕ ಹಾಕಿದೆ. ಹುಡುಗನಿಗೆ ಪೆಟ್ಟಾದಾಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಇದಕ್ಕೆ ಸೂತ್ರವೇ ಇತ್ತು. ಪಗಾರದ ಶೇಕಡಾ 60 ಅಂದರೆ 7,200. 24ರ ವಯಸ್ಸಿಗೆ ಕೋಷ್ಟಕದಲ್ಲಿರುವ ಅಂಕಿ 218.47. ಗುಣಿಸಿದರೆ 15,72,984. ಒಂದೇ ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿ ಶೇಕಡಾ 20ರಷ್ಟು ಹೋಯಿತು ಎಂದು ಕಾಯ್ದೆ ಹಿಡಿಯುತ್ತದೆ. ಅಂದರೆ 3,14,597 ರೂಪಾಯಿ. ದವಾಖಾನೆ ಖರ್ಚು ಇದರ ಹೊರಗೆ. ಅದನ್ನು ಮಾಲಕ ಕೊಡಲೇಬೇಕು.

ಹಾಳೆಯನ್ನು ಅಣ್ಣನ ಮುಂದೆ ಇಟ್ಟೆ. ಅವನು ಓದಿದ. ಮಡಚಿ ನನ್ನ ಕಡೆಗೇ ತಳ್ಳಿದ.

"ಪುಣೆಕ್ಕ ಹೋಗಿ ಭಾಳ ಕಾಯ್ದೆ ಕಲತಿ ನೀ. ಉಂಡ ಮನಿ ಜಂತಿ ಎಣಸಬಾರದು."

ಆ ಮಾತು ನನಗೆ ಚುಚ್ಚಿತು. ರಾತ್ರಿ ಬಸ್ಸಿನಲ್ಲಿ ನಿಪ್ಪಾಣಿ ದಾಟುವವರೆಗೂ ನಿದ್ದೆ ಬರಲಿಲ್ಲ. ಬೆಳಗಾವಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಪುಣೆ. ಊಟ ಹೆಚ್ಚುಕಡಿಮೆ ಅದೇ, ಅರ್ಧ ಮಾತೂ ಅದೇ. ಆದರೆ ಈ ಒಂದು ವಿಷಯದಲ್ಲಿ ಎರಡೂ ಕಡೆಯ ಜನ ಎಷ್ಟು ಬೇರೆ!

ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಅಣ್ಣನ ಹಾಗೇ ಇದ್ದೆ. ಪುಣೆಯ ಭೋಸರಿ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಆರು ವರ್ಷ ಸಿಎನ್‌ಸಿ ಆಪರೇಟರ್ ಆಗಿ ದುಡಿದಿದ್ದೆ. 2011ರಲ್ಲಿ ಒಂದು ಸೋಮವಾರ ಬೆಳಿಗ್ಗೆ ವಾಚ್‌ಮನ್ ನನ್ನನ್ನೂ ಇನ್ನೂ ನಾಲ್ವರನ್ನೂ ಹೊರಗೇ ನಿಲ್ಲಿಸಿದ. ಇಲ್ಲಿ ಅದಕ್ಕೆ 'ಗೇಟ್ ಬಂದ್' ಎನ್ನುತ್ತಾರೆ. ನೋಟಿಸ್ ಇಲ್ಲ, ಪತ್ರ ಇಲ್ಲ. ಆರ್ಡರ್ ಕಡಿಮೆಯಾಗಿದೆ, ಹೋಗಿ ಅಂದರು ಅಷ್ಟೇ.

ನನಗೆ ಮೊದಲು ಹೊಳೆದದ್ದು ಏನು ಗೊತ್ತಾ? ಹಣ್ಣು ತೆಗೆದುಕೊಂಡು ಮಾಲಕರ ಮನೆಗೆ ಹೋಗಿ ಕೈ ಮುಗಿಯುವುದು. ಚಿಕ್ಕಂದಿನಿಂದ ನೋಡಿದ್ದೇ ಅದು. ನಮ್ಮಪ್ಪ ಹೊಲದ ಪಾಲು ಕೇಳಲೂ ಹಾಗೇ ಹೋಗುತ್ತಿದ್ದ, ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ತಲೆ ತಗ್ಗಿಸಿ.

ಪಕ್ಕದ ಮಷಿನ್ ನಡೆಸುತ್ತಿದ್ದ ಮರಾಠಿ ಗೆಳೆಯನಿಗೂ ಅದೇ ದಿನ ಗೇಟ್ ಬಂದ್ ಆಗಿತ್ತು. ನನಗಿಂತ ದೊಡ್ಡವನು, ದಾದಾ ಎಂದು ಕರೆಯುತ್ತಿದ್ದೆ. ನಾನು ಮಾಲಕರ ಮನೆಗೆ ಹೋಗೋಣ ಎಂದಾಗ ಅವನಿಗೆ ಅರ್ಥವೇ ಆಗಲಿಲ್ಲ. "ಕಶಾಲಾ?" (ಯಾಕೆ?) ಎಂದ. ಆಮೇಲೆ ಅವನು ಅಂದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಅರೇ, ಹಾ ತುಜಾ ಹಿಶೋಬ್ ಆಹೇ. ಭೀಕ್ ನಾಹೀ."

ಇದು ನಿನ್ನ ಲೆಕ್ಕ, ಭಿಕ್ಷೆ ಅಲ್ಲ. ಇಷ್ಟು ಸುಲಭದ ಮಾತು ಆರು ವರ್ಷ ನನ್ನ ತಲೆಗೆ ಬಂದಿರಲಿಲ್ಲ.

ಅವನು ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಮಂಚದ ಕೆಳಗಿನಿಂದ ತಗಡಿನ ಪೆಟ್ಟಿಗೆ ಎಳೆದ. ಅವನ ತಂದೆ ಮುಂಬಯಿಯ ಗಿರಣಗಾಂವಿನಲ್ಲಿ ಮಿಲ್ ಕಾರ್ಮಿಕರಾಗಿದ್ದವರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಕರೆಗೆ ಸುಮಾರು 2.5 ಲಕ್ಷ ಜನ ಮಿಲ್ ಬಿಟ್ಟು ಹೊರಬಂದರಲ್ಲ, ಅವರಲ್ಲಿ ಒಬ್ಬರು. ಮತ್ತೆ ಮಿಲ್ಲಿನೊಳಗೆ ಕಾಲಿಡಲಿಲ್ಲ. ಊರಿಗೆ ಮರಳಿ ಹೊಲ ಮಾಡಿದರು. ಆ ಮುಷ್ಕರ ಸೋತಿತು, ಮನೆಗಳು ಮುರಿದವು, ಅದು ಎಲ್ಲರಿಗೂ ಗೊತ್ತು. ಆದರೂ ಅವರು ಮಗನಿಗೆ ಒಂದು ಅಭ್ಯಾಸ ಕಲಿಸಿ ಹೋಗಿದ್ದರು. ಕಂಪನಿಯ ಹೆಸರಿರುವ ಯಾವ ಕಾಗದವನ್ನೂ ಎಸೆಯಬೇಡ. ಪೆಟ್ಟಿಗೆಯಲ್ಲಿ ನೇಮಕ ಪತ್ರ, ಆರು ವರ್ಷದ ಪಗಾರ ಚೀಟಿ, ಬೋನಸ್ ಚೀಟಿ, ರಜೆ ಮಂಜೂರು ಮಾಡಿದ ತುಂಡು ಕಾಗದ ಸಹ ಇತ್ತು. ನನ್ನ ಹತ್ತಿರ ಐಡಿ ಕಾರ್ಡ್ ಬಿಟ್ಟು ಏನೂ ಇರಲಿಲ್ಲ. ಪಿಎಫ್ ಚೀಟಿಗಳನ್ನು ಮಗನ ನೋಟ್‌ಬುಕ್ಕಿಗೆ ರಟ್ಟು ಹಾಕಲು ಕೊಟ್ಟಿದ್ದೆ.

ಮರುದಿನ ಯೂನಿಯನ್ ಆಫೀಸಿಗೆ ಹೋದೆವು. ಅಲ್ಲಿದ್ದ ವಕೀಲರು ಹತ್ತೇ ನಿಮಿಷದಲ್ಲಿ ವಿಷಯ ಬಿಡಿಸಿ ಹೇಳಿದರು. ಒಂದು ವರ್ಷದಲ್ಲಿ 240 ದಿನ ದುಡಿದವನನ್ನು ಹೀಗೆ ತೆಗೆಯಲು ಬರುವುದಿಲ್ಲ. ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಪಗಾರ. ಅದರ ಮೇಲೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ. ಐದು ವರ್ಷ ದಾಟಿದ್ದರಿಂದ ಗ್ರಾಚ್ಯುಟಿ, ಅಂದರೆ ಕೆಲಸ ಮುಗಿದಾಗ ಸೇವೆಗೆ ಕೊಡುವ ಹಣ, ಬೇರೆ. ನನ್ನ ಮೂಲ ಪಗಾರ, ಡಿಎ (ತುಟ್ಟಿಭತ್ಯೆ) ಸೇರಿ 9,100 ಇತ್ತು. ಗ್ರಾಚ್ಯುಟಿಗೆ 26 ದಿನದ ತಿಂಗಳು ಹಿಡಿದು ವರ್ಷಕ್ಕೆ 15 ದಿನದ ಪಗಾರ, ಅಂದರೆ 5,250, ಆರು ವರ್ಷಕ್ಕೆ 31,500. ನಾನು ಬೇಡಲು ಹೊರಟಿದ್ದದ್ದು ಹತ್ತು ಸಾವಿರ.

ಮಹಾರಾಷ್ಟ್ರದಲ್ಲಿ ಅನ್ಯಾಯದ ಕಾರ್ಮಿಕ ನಡವಳಿಕೆ (ಅನ್‌ಫೇರ್ ಲೇಬರ್ ಪ್ರಾಕ್ಟೀಸ್) ತಡೆಯುವ 1971ರ ಒಂದು ಕಾಯ್ದೆ ಇದೆ. ಇಲ್ಲಿ ಕೆಲಸಗಾರರು ಅದನ್ನು ಯುಎಲ್‌ಪಿ ಎಂದೇ ಕರೆಯುತ್ತಾರೆ. ಅನ್ಯಾಯವಾಗಿ ತೆಗೆದರೆ 90 ದಿನದೊಳಗೆ ಒಬ್ಬ ಕೆಲಸಗಾರನೇ ನೇರವಾಗಿ ಕಾಮಗಾರ ಕೋರ್ಟಿಗೆ ದೂರು ಕೊಡಬಹುದು. ಸರ್ಕಾರವೇ ಕೇಸನ್ನು ಕೋರ್ಟಿಗೆ ಕಳಿಸಲಿ ಎಂದು ಕಾಯಬೇಕಾಗಿಲ್ಲ. ನಾವು ಐವರೂ ಹಾಕಿದೆವು. ನಾಲ್ಕನೇ ತಿಂಗಳಿಗೆ ಕಂಪನಿಯೇ ಮಾತುಕತೆಗೆ ಬಂತು. ಎಲ್ಲ ಸೇರಿ ನನ್ನ ಕೈಗೆ 80 ಸಾವಿರದ ಹತ್ತಿರ ಬಂತು. ಚೆಕ್ ಕೊಡುವಾಗ ಮ್ಯಾನೇಜರ್ ನಮಗೆಲ್ಲ ಚಹಾ ತರಿಸಿದರು. ದಾದಾ ಅವರೊಡನೆ ಮಗಳ ಹತ್ತನೇ ಪರೀಕ್ಷೆಯ ಬಗ್ಗೆ ಮಾತಾಡಿದ. ಯಾರೂ ಯಾರಿಗೂ ದ್ರೋಹ ಮಾಡಿದಂತೆ ಕಾಣಲಿಲ್ಲ. ನನಗೆ ಹೆಚ್ಚು ಆಶ್ಚರ್ಯ ಆಗಿದ್ದು ಅದೇ. ಕೋರ್ಟಿಗೆ ಹೋದ ಮೇಲೂ ಎದುರುಬದುರು ಕೂತು ಚಹಾ ಕುಡಿಯಬಹುದು.

ಭೋಸರಿಯ ಯಾವ ಚಹಾ ಟಪರಿಯಲ್ಲಿ ನಿಂತರೂ ಈ ಮಾತು ಕೇಳುತ್ತದೆ. ಯಾರ ಹಿಶೋಬ ಆಯ್ತು, ಯಾರದು ಬಾಕಿ, ಯಾರು ಯುಎಲ್‌ಪಿ ಹಾಕಿದರು. ನಾಚಿಕೆ ಇಲ್ಲ, ಪಿಸುಮಾತಿಲ್ಲ. ಸಮಾಜ ಸುಧಾರಕ ಜ್ಯೋತಿಬಾ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕಾರ್ಮಿಕರ ಪರವಾಗಿ ಹೋರಾಡಿ 1890ರಲ್ಲಿ ಭಾನುವಾರದ ರಜೆ ಕೊಡಿಸಿದ್ದನ್ನು ಇಲ್ಲಿನ ಹಳೇ ಕಾರ್ಮಿಕರು ಮನೆಯ ಹಿರಿಯರ ಕಥೆ ಹೇಳಿದ ಹಾಗೆ ಹೇಳುತ್ತಾರೆ. ಮುಂಬಯಿಯಲ್ಲಿ ಟ್ಯಾಕ್ಸಿಯವರನ್ನು, ಹೋಟೆಲ್ ಹುಡುಗರನ್ನು ಕಟ್ಟಿದ ಜಾರ್ಜ್ ಫೆರ್ನಾಂಡಿಸ್ ನಮ್ಮ ಮಂಗಳೂರಿನವರು. ಆದರೆ ಅವರ ದನಿ ದೊಡ್ಡದಾದದ್ದು ಇಲ್ಲಿಗೆ ಬಂದ ಮೇಲೆ. ಇದು ನನಗೆ ಬಹಳ ಸಲ ಕಾಡಿದೆ.

ನಮ್ಮ ಕಡೆ ಯಾಕೆ ಹೀಗೆ? ನಮ್ಮಲ್ಲಿ ಪಗಾರವನ್ನು ದುಡಿಮೆಯ ಬೆಲೆ ಎಂದು ನೋಡುವುದಿಲ್ಲ. ಅದು ಅನ್ನ. ಕೊಟ್ಟವರು ಅನ್ನದಾತರು. ಅನ್ನ ಎಂದ ಕೂಡಲೇ ಋಣ ಬಂತು. ಋಣ ಬಂದ ಮೇಲೆ ಲೆಕ್ಕ ಕೇಳುವಂತಿಲ್ಲ. ಅಣ್ಣನ ಮಗ ಆ ವರ್ಕ್‌ಶಾಪಿನಲ್ಲಿ ಊಟಕ್ಕೆ ಕೂತವನಾ? ದಿನಕ್ಕೆ ಹತ್ತು ತಾಸು ಪ್ರೆಸ್ ಒತ್ತಿದವನು. ಆ ಮನೆಯ ಜಂತೆಯಲ್ಲಿ ಅವನ ಬೆವರೂ ಇದೆಯಲ್ವಾ? ಎಣಿಸಿದರೆ ತಪ್ಪೇನು?

ಊರಲ್ಲಿ ಇನ್ನೊಂದು ಮಾತೂ ಕಿವಿಗೆ ಬಿತ್ತು. "ಅವನ ನಿಗಾ ಇಲ್ಲದನ ಕೈ ಇಟ್ಟಾನ." ಹುಡುಗನೇ ಇದನ್ನು ಒಪ್ಪಿಕೊಂಡಿದ್ದಾನೆ! ಆದರೆ 1923ರ ಆ ಪರಿಹಾರ ಕಾಯ್ದೆಗೆ ಯಾರ ತಪ್ಪು ಎನ್ನುವುದು ದೊಡ್ಡದಲ್ಲ. ಕೆಲಸ ಮಾಡುವಾಗ, ಕೆಲಸದ ಕಾರಣಕ್ಕೆ ಪೆಟ್ಟಾಯಿತಾ ಎಂದು ಮಾತ್ರ ನೋಡುತ್ತದೆ. ಕುಡಿದಿದ್ದರೆ, ಬೇಕೆಂದೇ ನಿಯಮ ಮುರಿದಿದ್ದರೆ, ತಾನೇ ಗಾರ್ಡ್ ಕಿತ್ತಿದ್ದರೆ ಬೇರೆ ಮಾತು. ಗಮನ ತಪ್ಪಿತು ಎನ್ನುವುದು ಅದರಲ್ಲಿ ಬರುವುದಿಲ್ಲ. ಹತ್ತು ತಾಸಿನ ಕೊನೆಗೆ ಯಾರ ಗಮನ ತಪ್ಪುವುದಿಲ್ಲ ಹೇಳಿ? ಮತ್ತೆ 40,000 ಕೊಟ್ಟಾಗ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರಂತೆ, ಇನ್ನೇನೂ ಬಾಕಿ ಇಲ್ಲ ಎಂದು. ಪರಿಹಾರದ ಹಕ್ಕು ಬಿಟ್ಟುಕೊಡುವ ಕರಾರು ಈ ಕಾಯ್ದೆಯಡಿ ನಡೆಯುವುದೇ ಇಲ್ಲ. ಅರ್ಜಿಗೆ ಎರಡು ವರ್ಷ ಕಾಲ ಇದೆ. ಒಂದು ತಿಂಗಳು ಮೀರಿ ತಡ ಮಾಡಿದರೆ ಮಾಲಕ ಶೇಕಡಾ 12 ಬಡ್ಡಿಯನ್ನೂ ಕೊಡಬೇಕು. ಇದನ್ನೆಲ್ಲ ನಮ್ಮೂರಲ್ಲಿ ಯಾರಾದರೂ ಆ ಹುಡುಗನಿಗೆ ಹೇಳಿದರಾ? ಇಲ್ಲ. ದೊಡ್ಡ ಮನಸ್ಸಿನವರು ಎಂದು ಎಲ್ಲರೂ ಸಾವ್ಕಾರರನ್ನು ಹೊಗಳಿದರು.

ಈ ಸಿಟ್ಟಿನಲ್ಲೇ ಕಳೆದ ತಿಂಗಳು ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗಿದ್ದೆ. ಅಲ್ಲಿ ಸಿಕ್ಕ ಹಿರಿಯ ವಕೀಲರೊಬ್ಬರು, ಅವರು ಧಾರವಾಡ ಕಡೆಯವರು, ನನ್ನ ಮಾತನ್ನೆಲ್ಲ ಕೇಳಿ ಒಂದು ವಿಷಯ ಹೇಳಿದರು. ಅದನ್ನು ಇಲ್ಲಿ ಬರೆಯದೆ ಇರುವುದು ಸರಿಯಲ್ಲ. ಕರ್ನಾಟಕವೂ 1988ರಲ್ಲೇ ಕೈಗಾರಿಕಾ ವಿವಾದ ಕಾಯ್ದೆಗೆ ತನ್ನದೇ ತಿದ್ದುಪಡಿ ಸೇರಿಸಿತ್ತು. ಕೆಲಸದಿಂದ ತೆಗೆದ ಆದೇಶ ಕೈಗೆ ಬಂದ ಆರು ತಿಂಗಳೊಳಗೆ ಕೆಲಸಗಾರ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಇಲ್ಲಿ 90 ದಿನ, ಅಲ್ಲಿ ಆರು ತಿಂಗಳು! ಬಾಗಿಲು ನಮ್ಮಲ್ಲಿ ಜಾಸ್ತಿ ಹೊತ್ತು ತೆರೆದಿತ್ತು. "2016ರ ಏಪ್ರಿಲ್ ನೆನಪಿಲ್ಲೇನು?" ಎಂದೂ ಕೇಳಿದರು. ಪಿಎಫ್ ಹಣ ತೆಗೆಯಲು ತಡೆ ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಮನೆಮನೆಗೆ ಊಟ, ಸಾಮಾನು ಮುಟ್ಟಿಸುವ ಗಿಗ್ ಕೆಲಸಗಾರರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆಯನ್ನೇ ಮಾಡಿದೆ. ಆಗ ನಾನು ಸುಮ್ಮನಾದೆ.

ಇಲ್ಲಿಯದನ್ನೂ ಹೇಳಬೇಕು. ಪುಣೆ ಹತ್ತಿರದ ಕಾರ್ಖಾನೆಗಳ ಊರು ಚಾಕಣದ ಕಡೆ ಈಗ ಬಹಳಷ್ಟು ಹುಡುಗರು ಠೇಕೇದಾರನ (ಗುತ್ತಿಗೆದಾರನ) ಕೈಕೆಳಗೆ ಇದ್ದಾರೆ. ಏಳು ತಿಂಗಳಾದ ಕೂಡಲೇ 'ಬ್ರೇಕ್' ಕೊಟ್ಟು ಕಳಿಸುತ್ತಾರೆ, 240 ದಿನ ತುಂಬಬಾರದಲ್ಲ. ಅವರಲ್ಲಿ ಕಲಬುರಗಿ, ವಿಜಯಪುರದ ಹುಡುಗರು ತುಂಬಾ ಇದ್ದಾರೆ. ಅವರಿಗೆ ದಾದಾನಂಥ ಜೊತೆಗಾರ ಸಿಗುವಷ್ಟು ದಿನ ಒಂದೇ ಮಷಿನ್ ಮುಂದೆ ನಿಲ್ಲಲು ಬಿಡುವುದಿಲ್ಲ. 2025ರ ನವೆಂಬರ್ 21ರಿಂದ ಹಳೇ ಕೇಂದ್ರ ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸ ಬಿಟ್ಟರೂ, ತೆಗೆದರೂ ಎರಡು ಕೆಲಸದ ದಿನದೊಳಗೆ ಪಗಾರ ಚುಕ್ತಾ ಆಗಬೇಕು ಎಂದು ಅದರಲ್ಲಿದೆ. ಟಪರಿಯಲ್ಲಿ ಈಗ ಅದೇ ಚರ್ಚೆ.

ಇನ್ನೂ ಒಂದು ಇದೆ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಆ ರಾತ್ರಿ ಸಾವ್ಕಾರರು ಹುಡುಗನನ್ನು ತಮ್ಮದೇ ಕಾರಿನಲ್ಲಿ ದವಾಖಾನೆಗೆ ಒಯ್ದರಂತೆ. ಸೀಟೆಲ್ಲ ರಕ್ತ. ಆಪರೇಷನ್ ಮುಗಿಯುವವರೆಗೆ, ರಾತ್ರಿ ಎರಡು ಗಂಟೆಯವರೆಗೆ, ಅಣ್ಣನ ಪಕ್ಕ ಬೆಂಚಿನ ಮೇಲೆ ಕೂತಿದ್ದರಂತೆ. ನಮಗೆ ಗೇಟ್ ಬಂದ್ ಆದಾಗ ಭೋಸರಿಯ ಮಾಲಕ ನಮ್ಮ ಮುಖವನ್ನೂ ನೋಡಿರಲಿಲ್ಲ. ಅಣ್ಣ ಋಣ ಎನ್ನುವುದು ಆ ಬೆಂಚಿನ ಮೇಲಿನ ರಾತ್ರಿಯನ್ನು. ಅದು ಸುಳ್ಳಲ್ಲ.

ಅಣ್ಣ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಆದರೆ ಮೊನ್ನೆ ರಾತ್ರಿ ಹುಡುಗನೇ ಫೋನ್ ಮಾಡಿದ. ದವಾಖಾನೆಯ ಕೇಸ್ ಪೇಪರ್, ಬ್ಯಾಂಕ್ ಪಾಸ್‌ಬುಕ್ ತೆಗೆದಿಟ್ಟಿದ್ದಾನಂತೆ. ಹಾಜರಿ ಪುಸ್ತಕದ ಹಾಳೆಗಳ ಫೋಟೋವನ್ನೂ ಹೊಡೆದುಕೊಂಡಿದ್ದಾನೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದಾ ಎಂದು ಕೇಳಿದ. ಬರೆಯಬಹುದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಕಾಕಾ, ಸಾವ್ಕಾರ್ರು ನನ್ನ ತಮ್ಮ ಕಾರಿನ್ಯಾಗ ದವಾಖಾನಿಗೆ ಒಯ್ದದ್ದನ್ನೂ ಅದರಾಗ ಬರೀಲೇನು?"

"ಬರಿ ತಮ್ಮಾ" ಎಂದೆ. "ಅದನ್ನ ಮೊದಲು ಬರಿ."